ಟೇವಾಟ್ ಬಾಯಿಪಾಠ, ಮನೆ ದಾರಿಗೆ ತಡವರಿಕೆ!

‘ಮನೆ ಎಲ್ಲಿ ಬರ್ತದೆ, ಸರಿಯಾಗಿ ಹೇಳಿ’ ಎಂದು ಜೀಪಿನ ಡ್ರೈವರ್ ಕೇಳಿದಾಗ ನನಗೆ ಮಾತೇ ಹೊರಡಲಿಲ್ಲ.

ಕಳೆದ ಆಷಾಢದ ಮಳೆಗಾಲ. ತೋಟದಿಂದ ಬರುವಾಗ ಅಪ್ಪಯ್ಯ ಕಾಲುಸಂಕದ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದ. ನಮ್ಮ ಮನೆ ಸಿದ್ದಾಪುರ ತಾಲ್ಲೂಕಿನ ಕಾನಸೂರಿನಿಂದ ಒಳಗೆ. ಫೋನಿಗೆ ಸಿಗ್ನಲ್ ಸಿಗಬೇಕೆಂದರೆ ದಣಪೆ ದಾಟಿ ದಿಬ್ಬ ಹತ್ತಬೇಕು. ಕೊಡೆ ಹಿಡಿದು ಅಲ್ಲಿ ನಿಂತವನು, ‘ಲೊಕೇಶನ್ ಕಳಿಸ್ತೇನೆ, ಬಾಣದ ಗುರುತು ನೋಡ್ಕೊಂಡು ಬಂದ್ಬಿಡಿ’ ಎಂದೆ. ಅಷ್ಟು ಹೇಳಿ ದೊಡ್ಡ ಕೆಲಸ ಮುಗಿಸಿದವನಂತೆ ನಿಂತೆ.

ಜೀಪು ಬಂತು. ಆದರೆ ಹಳ್ಳದ ಆಚೆ ದಡಕ್ಕೆ! ಹೆಡ್‌ಲೈಟ್ ಕಾಣುತ್ತಿತ್ತು, ಹಾರ್ನ್ ಕೇಳುತ್ತಿತ್ತು. ನಡುವೆ ಕೆಂಪು ನೀರು ತುಂಬಿ ಹರಿಯುವ ಹಳ್ಳ. ನನ್ನ ಗುರುತಿಗೆ ಹತ್ತಿರದ ರಸ್ತೆ ಯಾವುದೋ ಅಲ್ಲಿಗೆ ಫೋನಿನ ನಕ್ಷೆ ಗಾಡಿಯನ್ನು ತಂದು ನಿಲ್ಲಿಸಿತ್ತು. ಈಗ ಹೇಗೆ ಬರಬೇಕು ಎಂದು ಡ್ರೈವರ್ ಕೇಳಿದರೆ ನಾನು ‘ಹಿಂದೆ ಹೋಗಿ... ಅಲ್ಲಿಂದ ಹಾಗೇ... ಈ ಕಡೆ...’ ಎಂದು ತಡವರಿಸುತ್ತಿದ್ದೆ.

ಅಪ್ಪಯ್ಯನ ಹತ್ತಿರ ಪಕ್ಕದ ಮನೆ ದೊಡ್ಡಪ್ಪನನ್ನು ಕೂರಿಸಿ ದಿಬ್ಬ ಹತ್ತಿ ಬಂದ ಆಯಿ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. ‘ಗಾಡಿ ತಿರುಗ್ಸಿ. ಅರಳಿಕಟ್ಟೆ ತನಕ ವಾಪಸ್ ಬನ್ನಿ. ಅಲ್ಲಿ ಎಡಕ್ಕೆ ಹೊರಳಿದ್ರೆ ಹಾಲಿನ ಡೈರಿ. ಡೈರಿ ದಾಟಿದ ಮೇಲೆ ಎರಡನೇ ಇಳುಕಲು, ಮೊದಲನೇದಕ್ಕೆ ಇಳೀಬೇಡಿ, ಅದು ತೋಟಕ್ಕೆ ಹೋಗ್ತದೆ. ಹಳ್ಳದ ಸದ್ದು ಬಲಗಡೆ ಕೇಳ್ತಾ ಇದ್ರೆ ದಾರಿ ಸರಿ ಅಂತ ತಿಳ್ಕಳಿ’ ಎಂದಳು. ಜೀಪು ಸುತ್ತು ಹಾಕಿ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಅಪ್ಪಯ್ಯ ಜಗಲಿಯ ಮೇಲೆ ಹಲ್ಲು ಕಚ್ಚಿಕೊಂಡು ಮಲಗಿದ್ದ.

ನಾನು ದಾರಿ ಗೊತ್ತಿಲ್ಲದವನೇನಲ್ಲ ನೋಡಿ! ಡಿಗ್ರಿ ಮುಗಿಸಿ, ಕೆಲಸ ಹುಡುಕುವ ನೆಪದಲ್ಲಿ ಶಿರಸಿಯ ಬಾಡಿಗೆ ರೂಮಿನಲ್ಲಿ ಕೂತು ವರ್ಷವಿಡೀ ಗೆನ್ಶಿನ್ ಇಂಪ್ಯಾಕ್ಟ್ ಆಡಿದವನು. 2020ರಲ್ಲಿ ಬಂದ ಆ ರೋಲ್ ಪ್ಲೇಯಿಂಗ್ ಗೇಮಿನ ‘ಟೇವಾಟ್’ ಎಂಬ ಲೋಕದ ಮೂಲೆ ಮೂಲೆ ನನಗೆ ಗೊತ್ತು ಎಂದು ಬೀಗುತ್ತಿದ್ದೆ. ನಿಜ ಹೇಳಬೇಕೆಂದರೆ ಅಲ್ಲೂ ನನಗೆ ದಾರಿ ಗೊತ್ತಿರಲಿಲ್ಲ. ಎಲ್ಲಿಗೆ ಹೋಗಬೇಕೆಂದು ಒಂದು ಗುರುತು ಹೊಳೆಯುತ್ತಿತ್ತು, ಇನ್ನೆಷ್ಟು ಮೀಟರ್ ಎಂದು ಅದೇ ಹೇಳುತ್ತಿತ್ತು. ಬೆಟ್ಟ ಅಡ್ಡ ಬಂದರೆ ಗೋಡೆ ಹತ್ತಿದಂತೆ ಹತ್ತುವುದು, ತುದಿಯಿಂದ ರೆಕ್ಕೆ ಬಿಚ್ಚಿ ತೇಲುವುದು. ಬೇಸರ ಬಂದರೆ ನಕ್ಷೆಯಲ್ಲಿ ಒಂದು ಚುಕ್ಕಿ ಒತ್ತಿ ನೇರ ಅಲ್ಲಿ ಪ್ರತ್ಯಕ್ಷ! ಹಾರಬಲ್ಲವನಿಗೆ ನೇರ ಗೆರೆಯೇ ದಾರಿ. ಸಿದ್ದಾಪುರದ ಜೀಪಿಗೆ ರೆಕ್ಕೆ ಇರುವುದಿಲ್ಲವಲ್ಲ.

ಅಪ್ಪಯ್ಯ ಶಿರಸಿಯ ಆಸ್ಪತ್ರೆಯಲ್ಲಿದ್ದಾಗ, ರಾತ್ರಿ ಬೆಂಚಿನ ಮೇಲೆ ಕೂತು ಹಳೆಯ ಗೇಮ್‌ಗಳ ಬಗ್ಗೆ ಓದುತ್ತಿದ್ದೆ. 1999ರ ಎವರ್‌ಕ್ವೆಸ್ಟ್‌ನಲ್ಲಿ ಮೊದಲಿಗೆ ನಕ್ಷೆಯೇ ಇರಲಿಲ್ಲವಂತೆ. ಆಡುವವರೇ ಕೈಯಲ್ಲಿ ನಕ್ಷೆ ಬರೆದು ಹಂಚಿಕೊಳ್ಳುತ್ತಿದ್ದರು. ದಿಕ್ಕು ತಿಳಿಯುವುದೂ ಅದರಲ್ಲಿ ಒಂದು ವಿದ್ಯೆ. ಕತ್ತಿವರಸೆಯಂತೆ ಅದನ್ನೂ ಅಭ್ಯಾಸ ಮಾಡಿಯೇ ಹೆಚ್ಚಿಸಿಕೊಳ್ಳಬೇಕಿತ್ತು. 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ನಕ್ಷೆ ಇತ್ತು, ಆದರೆ ಹೋಗಬೇಕಾದ ಜಾಗದ ಗುರುತು ಅದರಲ್ಲಿ ಇರಲಿಲ್ಲ. ಕೊಟ್ಟ ಕೆಲಸದ ವಿವರಣೆ ಓದಿ ಹುಡುಕಬೇಕು. ಗೇಮ್ ತಾನಾಗಿ ಜಾಗ ತೋರಿಸತೊಡಗಿದ್ದು 2009ರಲ್ಲಿ. ಓದುತ್ತಿದ್ದಂತೆ ನನಗೆ ಆಯಿಯ ಮಾತು ನೆನಪಾಯಿತು. ಅರಳಿಕಟ್ಟೆ, ಡೈರಿ, ಎರಡನೇ ಇಳುಕಲು. ಒಂದು ದಿನವೂ ಗೇಮ್ ಆಡದ ಆಯಿ ಹೇಳಿದ್ದು ಹಾಗೆಯೇ!

ಇನ್ನೊಂದು ಸಂಗತಿ ಓದಿ ನಗು ಬಂತು. ಮರೆವಿನ ಕಾಯಿಲೆಯ ಸಂಶೋಧನೆಗಾಗಿ 2016ರಲ್ಲಿ ‘ಸೀ ಹೀರೋ ಕ್ವೆಸ್ಟ್’ ಎಂಬ ಮೊಬೈಲ್ ಗೇಮ್ ಬಂದಿತ್ತು. ಅದರಲ್ಲಿ ಮೊದಲು ನಕ್ಷೆ ತೋರಿಸಿ ಮರೆಮಾಡುತ್ತಾರೆ, ಆಮೇಲೆ ನೆನಪಿನಿಂದ ದೋಣಿ ನಡೆಸಬೇಕು. 38 ದೇಶಗಳ ಸುಮಾರು 4 ಲಕ್ಷ ಜನರ ಆಟ ನೋಡಿದ ವಿಜ್ಞಾನಿಗಳು 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು: ನಗರದ ಹೊರಗೆ ಬೆಳೆದವರು ದಾರಿ ಹುಡುಕುವುದರಲ್ಲಿ ಸರಾಸರಿಯಾಗಿ ಮುಂದೆ. ಚೌಕುಳಿ ರಸ್ತೆಗಳ ಊರಿಗಿಂತ ಅಂಕುಡೊಂಕು ದಾರಿಯ ಊರು ಒಳ್ಳೆಯ ಪಾಠಶಾಲೆ. ನಮ್ಮೂರಿಗಿಂತ ಅಂಕುಡೊಂಕು ಬೇಕೇ? ಅಂಥ ಶಾಲೆಯಲ್ಲಿ ಬೆಳೆದೂ ನಾನು ಪಾಠಕ್ಕೆ ಚಕ್ಕರ್ ಹೊಡೆದಿದ್ದೆ.

ಊರಿಗೆ ಮರಳಿದ ಮೇಲೆ ಒಂದು ಕೆಲಸ ಮಾಡಿದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆ ಇದೆ, 2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾದದ್ದು. ಖಾತೆ ತೆರೆದು ಯಾರು ಬೇಕಾದರೂ ತಮ್ಮೂರಿನ ದಾರಿ ಸೇರಿಸಬಹುದು. ದೊಡ್ಡಪ್ಪನನ್ನು ಕರೆದುಕೊಂಡು ನಾಲ್ಕು ದಿನ ನಡೆದೆ. ಜೀಪು ಹೋಗುವ ದಾರಿ ಬೇರೆ, ಕಾಲುದಾರಿ ಬೇರೆ, ಸಂಕ ಬೇರೆ ಎಂದು ಗುರುತು ಹಾಕಿದೆ. ಮಳೆಗಾಲದಲ್ಲಿ ಮುಚ್ಚುವ ದಾರಿ ಯಾವುದು, ಯಾವ ತಿರುವಿನಲ್ಲಿ ಗಾಡಿ ಹೂಳುತ್ತದೆ ಎಂದು ದೊಡ್ಡಪ್ಪ ಹೇಳುತ್ತಲೇ ಹೋದ. ನಾನು ಇಪ್ಪತ್ತೆರಡು ವರ್ಷ ಓಡಾಡಿದ ಊರು ಅದು, ಅರ್ಧವೂ ನನಗೆ ತಿಳಿದಿರಲಿಲ್ಲ.

ಮೊನ್ನೆ ಯಲ್ಲಾಪುರದ ಗೆಳೆಯನ ಮನೆಗೆ ಬೈಕಿನಲ್ಲಿ ಹೊರಟೆ. ಅವನ ಮನೆ ಮಾಗೋಡು ಜಲಪಾತದ ಕಡೆಗೆ. ಫೋನು ಕಿಸೆಯಿಂದ ತೆಗೆಯಬಾರದೆಂದು ಪಣ. ಮಂಚಿಕೇರಿಯಲ್ಲಿ ಚಹಾ ಕುಡಿದು, ಯಲ್ಲಾಪುರ ದಾಟಿ, ಕೇಳುತ್ತಾ ಕೇಳುತ್ತಾ ಹೋದೆ. ‘ಇಲ್ಲೇ, ಎರಡು ಕೂಗಳತೆ’ ಎಂದರು ಒಬ್ಬರು. ಆ ಎರಡು ಕೂಗಳತೆ ಮೂರು ಕಿಲೋಮೀಟರ್ ಆಯಿತು! ಒಮ್ಮೆ ದಾರಿ ತಪ್ಪಿ ಯಾರದೋ ಅಂಗಳದಲ್ಲಿ ಬೈಕು ನಿಲ್ಲಿಸಿದೆ. ಆ ಮನೆಯ ಅಜ್ಜಿ ದಾರಿ ಹೇಳುವ ಮೊದಲು ಆಸರಿಗೆ ಏನು ಬೇಕೆಂದು ಕೇಳಿದರು. ಮಜ್ಜಿಗೆ ಕುಡಿದು ಹೊರಟೆ. ಗೆಳೆಯನ ಮನೆ ತಲುಪಿದ್ದು ಒಂದು ಗಂಟೆ ತಡವಾಗಿ. ಆದರೆ ಆ ದಾರಿಯನ್ನು ಈಗ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.

ಗೇಮ್ ಬಿಟ್ಟಿಲ್ಲ. ರಾತ್ರಿ ಅರ್ಧ ಗಂಟೆ ಆಡುತ್ತೇನೆ, ಗುರುತು ನೋಡದೆ ಹೋಗಲು ಆಗುತ್ತದೆಯೇ ಎಂದು ಪ್ರಯತ್ನಿಸುತ್ತೇನೆ. ಸಂದರ್ಶನಗಳಿಗೂ ಹೋಗುತ್ತಿದ್ದೇನೆ. ಅಪ್ಪಯ್ಯ ಈಗ ಕೋಲು ಹಿಡಿದು ತೋಟಕ್ಕೆ ಇಳಿಯುತ್ತಾನೆ. ಮನೆಗೆ ನೆಂಟರು ಫೋನು ಮಾಡಿ ದಾರಿ ಕೇಳಿದರೆ ಆಯಿ ಸುಮ್ಮನೆ ನನ್ನ ಕೈಗೆ ಕೊಡುತ್ತಾಳೆ, ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಾಳೆ.

ನೀವೂ ಒಮ್ಮೆ ಪರೀಕ್ಷಿಸಿಕೊಳ್ಳಿ. ಲೊಕೇಶನ್ ಕಳಿಸದೆ, ಊರಿಗೆ ಹೊಸಬರಾದ ಒಬ್ಬರಿಗೆ ನಿಮ್ಮ ಮನೆ ದಾರಿ ಬಾಯಲ್ಲಿ ಹೇಳಿ. ಅವರು ತಪ್ಪದೆ ಅಂಗಳಕ್ಕೆ ಬಂದರೆ ನೀವು ಪಾಸು!