ನೂರೆಂಟು ಚದರ ಮೀಟರಿನ ಲೆಕ್ಕ: ನಾಲ್ಕು ಊರಿಗೆ ಕಲೆ-ವಿಜ್ಞಾನದ ಗ್ಯಾಲರಿ

ಬೆಂಗಳೂರಿನ ಸೈನ್ಸ್ ಗ್ಯಾಲರಿಯ ವಿಸ್ತೀರ್ಣ ಸುಮಾರು 1.4 ಲಕ್ಷ ಚದರ ಅಡಿ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ 2008ರಲ್ಲಿ ಶುರುವಾದ ಕಲ್ಪನೆಯನ್ನು ಕರ್ನಾಟಕ ಸರ್ಕಾರದ ನೆರವಿನೊಂದಿಗೆ ಇಲ್ಲಿಗೆ ತಂದು, 2024ರ ಜನವರಿಯಲ್ಲಿ ಸ್ವಂತ ಕಟ್ಟಡದ ಬಾಗಿಲು ತೆರೆದರು. ಅಲ್ಲಿ ನಡೆದ ಮೊದಲ ಪ್ರದರ್ಶನ ‘ಕಾರ್ಬನ್’. ಪ್ರವೇಶ ಉಚಿತ. ಆದರೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮಕ್ಕಳಿಗೆ ಅದು ಉಚಿತವಾಗಿ ಉಳಿಯುವುದಿಲ್ಲ. ಹೋಗಿ ಬರಲು ಸರಿಸುಮಾರು 1,000 ಕಿಲೋಮೀಟರ್. ಬಸ್ಸಿಗೆ ಕಿಲೋಮೀಟರಿಗೆ 60 ರೂಪಾಯಿ ಹಿಡಿದರೆ 60,000 ಆಯಿತು. 50 ಮಕ್ಕಳಿಗೆ ಹಂಚಿದರೆ ತಲೆಗೆ 1,200 ರೂಪಾಯಿ. ಊಟ, ವಸತಿ ಬೇರೆ.

ಅದೇ ಅನುಭವವನ್ನು ಇಲ್ಲಿಯೇ ಕಟ್ಟಿದರೆ ಎಷ್ಟಾದೀತು ಎಂಬುದೇ ಈ ಲೆಕ್ಕ. ಕೆಳಗಿನ ದರಗಳೆಲ್ಲ ನಾನು ಹಿಡಿದುಕೊಂಡ ಅಂದಾಜು. ಓದುವವರು ತಮ್ಮೂರಿನ ದರ ಹಾಕಿ ನೋಡಬಹುದು, ಗುಣಾಕಾರದ ರೀತಿ ಬದಲಾಗುವುದಿಲ್ಲ.

ಕೋಣೆ 12 ಮೀಟರ್ ಉದ್ದ, 9 ಮೀಟರ್ ಅಗಲ, 4 ಮೀಟರ್ ಎತ್ತರ ಇರಲಿ. ನೆಲ 108 ಚದರ ಮೀಟರ್, ಅಂದರೆ 1,162 ಚದರ ಅಡಿ. ಬೆಂಗಳೂರಿನ ಕಟ್ಟಡದ 120ರಲ್ಲಿ ಒಂದು ಪಾಲು. ತಾಲ್ಲೂಕು ಕೇಂದ್ರದಲ್ಲಿ ಇಷ್ಟು ದೊಡ್ಡ ಹಳೆಯ ಸರ್ಕಾರಿ ಹಾಲ್ ಹುಡುಕಿದರೆ ಸಿಕ್ಕೀತು. ದುರಸ್ತಿಗೆ ಚದರ ಅಡಿಗೆ 800 ರೂಪಾಯಿಯಂತೆ 9.3 ಲಕ್ಷ. ಹೊಸದಾಗಿ ಕಟ್ಟಿದರೆ 2,500ರಂತೆ 29 ಲಕ್ಷ. ಮೊದಲನೆಯದೇ ಸಾಕು.

ನಾಲ್ಕೂ ಗೋಡೆಗಳ ಮೇಲೆ ಚಿತ್ರ ಹರಿಯಬೇಕು, ನೋಡುವವರು ಅದರ ಒಳಗೆ ನಿಂತಂತಿರಬೇಕು. ಗೋಡೆಗಳ ಒಟ್ಟು ಅಳತೆ 168 ಚದರ ಮೀಟರ್. ಸುಣ್ಣ ಬಳಿದ ಗೋಡೆಗೆ, ಕೋಣೆ ಪೂರ್ತಿ ಕತ್ತಲಿದ್ದರೆ, 100 ಲಕ್ಸ್ ಬೆಳಕು ಸಾಕಾಗುತ್ತದೆ. ಆಗ ಬೇಕಾದದ್ದು 16,800 ಲ್ಯೂಮೆನ್, ಎಂದರೆ 5,000 ಲ್ಯೂಮೆನ್ನಿನ 4 ಪ್ರೊಜೆಕ್ಟರ್. ಕಿಟಕಿ, ಬೆಳಕಿಂಡಿಗಳಿಂದ ಬಿಸಿಲು ಒಳಬಂದರೆ ಚಿತ್ರ ಮಸುಕಾಗುತ್ತದೆ. ಅದನ್ನು ಗೆಲ್ಲಲು 300 ಲಕ್ಸ್ ಕೊಡಬೇಕೆಂದರೆ 50,400 ಲ್ಯೂಮೆನ್, 11 ಪ್ರೊಜೆಕ್ಟರ್ ಬೇಕು. ಒಂದಕ್ಕೆ 2 ಲಕ್ಷ ಎಂದರೂ ವ್ಯತ್ಯಾಸ 14 ಲಕ್ಷ. ಕಪ್ಪು ಬಟ್ಟೆಯ ಪರದೆಗೆ 50,000 ಖರ್ಚು ಮಾಡಿದವರಿಗೆ ಆ 14 ಲಕ್ಷ ಉಳಿಯುತ್ತದೆ. ಯಂತ್ರದ ಪಟ್ಟಿ ಬರೆಯುವ ಮೊದಲು ಕತ್ತಲೆಯ ಪಟ್ಟಿ ಬರೆಯಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಸದ್ದಿನ ವಿಷಯದಲ್ಲಿ ಈ ಜಿಲ್ಲೆಗೆ ಯಾರೂ ಪಾಠ ಹೇಳಬೇಕಿಲ್ಲ. ಗೋಳಗುಮ್ಮಟದ ಗುಮ್ಮಟಕ್ಕೆ ಒಳಗಿನಿಂದ ಸುಮಾರು 38 ಮೀಟರ್ ಅಡ್ಡಳತೆ. ಕೆಳಗಿನ ನೆಲ 1,700 ಚದರ ಮೀಟರ್, ನಮ್ಮ ಕೋಣೆಯ ಹದಿನಾರು ಪಟ್ಟು. ಪಿಸುಗುಟ್ಟಿದ ಮಾತು ಗೋಡೆಗುಂಟ ಅರ್ಧ ಸುತ್ತು, ಅಂದರೆ 60 ಮೀಟರ್, 0.17 ಸೆಕೆಂಡಿನಲ್ಲಿ ಸಾಗಿ ಎದುರಿನವರ ಕಿವಿಗೆ ಮುಟ್ಟುತ್ತದೆ. 1920ರ ದಶಕದ ಆರಂಭದಲ್ಲಿ ಸಿ.ವಿ. ರಾಮನ್ ಪಿಸುಗುಟ್ಟುವ ಗ್ಯಾಲರಿಗಳ ಬಗ್ಗೆ ಬರೆದಾಗ, ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಜೊತೆಗೆ ವಿಜಯಪುರದ ಈ ಗುಮ್ಮಟವನ್ನೂ ಪರಿಗಣಿಸಿದರು. ಮುಹಮ್ಮದ್ ಆದಿಲ್ ಶಾಹ ತೀರಿಕೊಂಡದ್ದು 1656ರಲ್ಲಿ. ಆ ದೊರೆಯ ಸಮಾಧಿಗೆಂದು ಎದ್ದ ಈ ಕಟ್ಟಡ ಮೂರೂವರೆ ಶತಮಾನದಿಂದ ಕಲೆ ಮತ್ತು ವಿಜ್ಞಾನ ಎರಡನ್ನೂ ಒಂದೇ ಉಸಿರಿನಲ್ಲಿ ಕಲಿಸುತ್ತಿದೆ, ಅದೂ ವಿದ್ಯುತ್ ಬಿಲ್ಲಿಲ್ಲದೆ.

ಆದರೆ ಗುಮ್ಮಟದಲ್ಲಿ ಬೆರಗು ಹುಟ್ಟಿಸುವ ಮರುದನಿ ನಮ್ಮ ಸಣ್ಣ ಕೋಣೆಯಲ್ಲಿ ಮಾತನ್ನು ಕಲಸಿಬಿಡುತ್ತದೆ. ಕೋಣೆಯ ಗಾತ್ರ 432 ಘನ ಮೀಟರ್. ಕಲ್ಲು, ಗಾರೆ, ಸಿಮೆಂಟುಗಳು ಸದ್ದಿನಲ್ಲಿ ನೂರಕ್ಕೆ 3 ಪಾಲು ಮಾತ್ರ ಹೀರುತ್ತವೆ ಎಂದರೆ, ಚಪ್ಪಾಳೆಯ ಸದ್ದು ಅಡಗಲು 6 ಸೆಕೆಂಡ್ ಹಿಡಿಯುತ್ತದೆ. ಮಾತು ತಿಳಿಯಬೇಕಾದರೆ ಅದು 0.8 ಸೆಕೆಂಡಿಗೆ ಇಳಿಯಬೇಕು. ಒಳಗೆ ನಿಂತ 40 ಜನರ ಮೈ-ಬಟ್ಟೆ ಸ್ವಲ್ಪ ಹೀರಿಕೊಳ್ಳುತ್ತದೆ. ಉಳಿದದ್ದಕ್ಕೆ ನಮ್ಮ ಕುರುಬರ ಕಂಬಳಿ ಇದೆ. ದಪ್ಪ ಉಣ್ಣೆ ಬಟ್ಟೆ ಸದ್ದಿನ ಅರ್ಧ ಹೀರುತ್ತದೆಂದು ಹಿಡಿದರೆ 122 ಚದರ ಮೀಟರ್ ಬೇಕು. 9 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದ ಕಂಬಳಿಗಳು 33. ಮಾಳಿಗೆಯ ಕೆಳಗೆ 108 ಚದರ ಮೀಟರ್, ಉಳಿದ 14 ಬಾಗಿಲಿನ ಸುತ್ತ. ಒಂದಕ್ಕೆ 1,500ರಂತೆ 49,500 ರೂಪಾಯಿ. ಉಣ್ಣೆಗೆ ಬೆಂಕಿ ಬೇಗ ತಗಲುವುದಿಲ್ಲ ಎಂಬುದು ಇನ್ನೊಂದು ಅನುಕೂಲ. ಈ ಹಣ ನೇಕಾರರ ಮನೆಗೇ ಸೇರುತ್ತದೆ, ನನಗೆ ಅದು ಸಣ್ಣ ಸಂಗತಿಯಲ್ಲ.

ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ಒಳಗೆ 40 ಜನ ತಲಾ 100 ವ್ಯಾಟ್ ಶಾಖ ಬಿಡುತ್ತಾರೆ, ಪ್ರೊಜೆಕ್ಟರುಗಳು 1,600 ವ್ಯಾಟ್. ಇಷ್ಟಕ್ಕೇ 1.6 ಟನ್ ಎ.ಸಿ. ಬೇಕು, ಕಾದ ಮಾಳಿಗೆಯನ್ನೂ ಸೇರಿಸಿ 5 ಟನ್ ಹಿಡಿಯೋಣ, 2.5 ಲಕ್ಷ. ವೈರಿಂಗ್, ಬ್ಯಾಟರಿ, ಬೆಂಕಿ ನಂದಿಸುವ ಸಿಲಿಂಡರಿಗೆ ಮತ್ತೆ 2.5. ಕಂಪ್ಯೂಟರ್, ಸ್ಪೀಕರ್ 4. ಪ್ರೊಜೆಕ್ಟರ್ 8. ಪರದೆ, ಕಂಬಳಿ 1. ಪ್ರದರ್ಶನ ತಯಾರಿಸುವ ಕಲಾವಿದರು, ಬಡಗಿಗಳು, ವಿಜ್ಞಾನ ಮೇಷ್ಟ್ರುಗಳಿಗೆ 8. ದುರಸ್ತಿ ಸೇರಿ ಒಂದು ಊರಿಗೆ 35.3 ಲಕ್ಷ.

ಈ 8 ಲಕ್ಷದ ಪ್ರದರ್ಶನ ಏನಿರಬೇಕು? ಬಾಗೇವಾಡಿಗೆ ನೀರು. ಹಳೆಯ ಬಾಗೇವಾಡಿ ತಾಲ್ಲೂಕಿನಿಂದ ಒಡೆದ ನಿಡಗುಂದಿ ಕಡೆಯ ಆಲಮಟ್ಟಿ ಅಣೆಕಟ್ಟಿನಲ್ಲಿ 519.60 ಮೀಟರ್ ಮಟ್ಟಕ್ಕೆ 123 ಟಿಎಂಸಿ ನಿಲ್ಲುತ್ತದೆ. ಒಂದು ಟಿಎಂಸಿ ಎಂದರೆ 2,832 ಕೋಟಿ ಲೀಟರ್. ತುಂಬಿದ ಜಲಾಶಯವನ್ನು 2011ರ ಜನಗಣತಿಯ 21.77 ಲಕ್ಷ ಜಿಲ್ಲಾವಾಸಿಗಳಿಗೆ ಹಂಚಿದರೆ ತಲೆಗೆ 16 ಲಕ್ಷ ಲೀಟರ್. ಜಲ ಜೀವನ ಮಿಷನ್ನಿನ ದಿನಕ್ಕೆ 55 ಲೀಟರ್ ಲೆಕ್ಕದಲ್ಲಿ 80 ವರ್ಷದ ನೀರು. ಅದೇ ಅಣೆಕಟ್ಟಿಗೆ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ ಎತ್ತರ 524.256 ಮೀಟರ್. ವ್ಯತ್ಯಾಸ 4.656 ಮೀಟರ್. ನಮ್ಮ ಗೋಡೆಯ ಎತ್ತರ 4 ಮೀಟರ್. ಗೋಡೆಯ ಮೇಲೆ ನೀಲಿ ಗೆರೆಯೊಂದನ್ನು ನಿಜವಾದ ಅಳತೆಯಲ್ಲಿ ಏರಿಸುತ್ತ ಹೋದರೆ ಅದು ನೋಡುವವರ ಮೊಣಕಾಲು, ಎದೆ, ತಲೆ ದಾಟಿ ಮಾಳಿಗೆಯನ್ನೂ ಮೀರುತ್ತದೆ. ಮುಳುಗಡೆ ಎಂಬುದನ್ನು ಪತ್ರಿಕೆಯಲ್ಲಿ ದಶಾಂಶ ಬಿಂದುವಾಗಿ ಓದಿದವರು ಅಲ್ಲಿ ಮೈಯಿಂದ ಅಳೆಯುತ್ತಾರೆ. ಇಂಥ ಒಂದು ಗೆರೆಗೆ ನಾನು 8 ಲಕ್ಷವನ್ನೂ ಕೊಟ್ಟೇನು.

ಇಂಡಿಗೆ ಲಿಂಬೆ. ತಾಮ್ರ, ಸತುವಿನ ಪಟ್ಟಿ ಚುಚ್ಚಿದರೆ ಒಂದು ಹಣ್ಣು ಸುಮಾರು 0.9 ವೋಲ್ಟ್ ಕೊಡುತ್ತದೆ. ಶಕ್ತಿ ಮಾತ್ರ 0.3 ಮಿಲಿವ್ಯಾಟಿನ ಆಸುಪಾಸು, 400 ವ್ಯಾಟಿನ ಒಂದು ಪ್ರೊಜೆಕ್ಟರ್ ನಡೆಸಲು 13 ಲಕ್ಷ ಹಣ್ಣು ಬೇಕಾದೀತು. ಆ ಶಕ್ತಿಯ ಮೂಲ ಸತು ಕರಗುವುದರಲ್ಲಿದೆ, ಹಣ್ಣು ನಡುವಿನ ದಾರಿ ಅಷ್ಟೇ. ಮಕ್ಕಳಿಗೆ ಇದನ್ನು ಸರಿಯಾಗಿ ಹೇಳಬೇಕು. ಸಿಂದಗಿಗೆ ತೊಗರಿಯ ಬೇರು ಮತ್ತು ಎರೆಮಣ್ಣು, ಅದರ ತಾಯಿಕಲ್ಲು ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ. ಮುದ್ದೇಬಿಹಾಳಕ್ಕೆ ತಾಳಿಕೋಟೆಯ ಹಾಸುಗಲ್ಲು.

ಪ್ರತಿ ಪ್ರದರ್ಶನವೂ ಮೂರು ತಿಂಗಳಿಗೊಮ್ಮೆ ಮುಂದಿನ ಊರಿಗೆ ಹೋಗಲಿ. ಪ್ರತಿ ಊರೂ ವರ್ಷಕ್ಕೆ ನಾಲ್ಕನ್ನು ತಾನೇ ಮಾಡಿಕೊಂಡರೆ ಒಟ್ಟು 128 ಲಕ್ಷ. ಒಂದೊಂದು ಮಾಡಿ ಹಂಚಿಕೊಂಡರೆ 32 ಲಕ್ಷ. ಸಾಗಣೆಗೆ ಟೆಂಪೋ ಬಾಡಿಗೆ ಕಳೆದರೂ 90 ಲಕ್ಷಕ್ಕಿಂತ ಹೆಚ್ಚು ಉಳಿತಾಯ.

ಇನ್ನು ನಡೆಸುವ ಖರ್ಚು. ಬೆಂಗಳೂರಿನ ಗ್ಯಾಲರಿಯಲ್ಲಿ ಪ್ರದರ್ಶನದ ಪಕ್ಕದಲ್ಲೇ ನಿಂತು ಮಾತಾಡುವ ಯುವಜನರಿದ್ದಾರೆ. ಅವರಿಲ್ಲದೆ ಗೋಡೆಯ ಚಿತ್ರ ಬರೀ ಚಿತ್ರ. ಇಲ್ಲಿ ನಾಲ್ವರಿಗೆ ತಿಂಗಳಿಗೆ 20,000ದಂತೆ ವರ್ಷಕ್ಕೆ 9.6 ಲಕ್ಷ. ವಿದ್ಯುತ್ ದಿನಕ್ಕೆ 64 ಯುನಿಟ್, ಯುನಿಟ್ಟಿಗೆ 8 ರೂಪಾಯಿಯಂತೆ ವರ್ಷಕ್ಕೆ 1.5 ಲಕ್ಷ. ಯಂತ್ರಗಳ ನಿರ್ವಹಣೆ 1.7. ಎರಡನೆಯ ವರ್ಷದಿಂದ ಹೊಸ ಪ್ರದರ್ಶನಕ್ಕೆ 8. ಐದು ವರ್ಷಕ್ಕೆ 96 ಲಕ್ಷ ಆಯಿತು. ಆರಂಭದ ಬಂಡವಾಳ 35.3 ಲಕ್ಷ ಒಟ್ಟು ಖರ್ಚಿನ 27% ಮಾತ್ರ. ಉದ್ಘಾಟನೆಗೆ ಹಣ ಮಂಜೂರು ಮಾಡಿ ಮುಂದಿನ ಐದು ವರ್ಷಕ್ಕೆ ಇಡದಿದ್ದರೆ, ನಾಲ್ಕರಲ್ಲಿ ಸುಮಾರು ಮೂರು ಪಾಲು ಖರ್ಚನ್ನು ಲೆಕ್ಕದಿಂದಲೇ ಬಿಟ್ಟಂತೆ.

ನೋಡುಗರು ವರ್ಷಕ್ಕೆ 48,000 ಎಂದರೆ, 25 ಕೆಲಸದ ದಿನಗಳ ತಿಂಗಳಲ್ಲಿ ದಿನಕ್ಕೆ 160 ಜನ, ನಾಲ್ಕು ತಂಡ. ತಲೆಗೆ ತಗಲುವುದು 55 ರೂಪಾಯಿ. ಬೆಂಗಳೂರಿನ ಬಸ್ಸಿಗೆ ಹೋಲಿಸಿದರೆ ಇಪ್ಪತ್ತೆರಡರಲ್ಲಿ ಒಂದು ಪಾಲು. ನಾಲ್ಕೂ ಊರುಗಳ ವಾರ್ಷಿಕ ಖರ್ಚು 83.2 ಲಕ್ಷವನ್ನು ಇಡೀ ಜಿಲ್ಲೆಗೆ ಹಂಚಿದರೆ ವರ್ಷಕ್ಕೆ ತಲೆಗೆ 4 ರೂಪಾಯಿಯೂ ಆಗುವುದಿಲ್ಲ. ಟಿಕೆಟ್ ಇಡಬಾರದು ಎಂಬ ನನ್ನ ಅಭಿಪ್ರಾಯಕ್ಕೆ ಇದೇ ಆಧಾರ.

ಹಾಲ್ ಆರಿಸುವ ಮೊದಲು ಮೂರು ಅಳತೆ ತೆಗೆದುಕೊಳ್ಳಲಿ, ಖರ್ಚೇನಿಲ್ಲ. ಏಪ್ರಿಲ್ ಮಧ್ಯಾಹ್ನ ಮೂರಕ್ಕೆ ಒಳಗಿನ ಉಷ್ಣತೆ. ಕಿಟಕಿ ಮುಚ್ಚಿದಾಗ ಮೊಬೈಲಿನ ಬೆಳಕಿನ ಮಾಪಕ ತೋರುವ ಲಕ್ಸ್. ಒಂದು ಚಪ್ಪಾಳೆ ಅಡಗಲು ಹಿಡಿಯುವ ಸೆಕೆಂಡ್. ಈ ಮೂರು ಅಂಕಿಗಳಿಲ್ಲದ ಅಂದಾಜು ಪಟ್ಟಿಗೆ ಪುರಸಭೆಯವರು ಸಹಿ ಹಾಕಬಾರದು.