ಓಮ್ನಿಯೇ ನಮ್ಮ ಲಾಡ್ಜ್

ಮದುವೆಯಾದ ವರ್ಷವೇ ಇವರ ಕೆಲಸ ಹೋಯಿತು. ಬೆಂಗಳೂರು ಬಿಟ್ಟು ಗಾವಡಗೆರೆಗೆ ಬಂದೆವು. ಏಪ್ರಿಲ್‌ನಲ್ಲಿ, ಹೊಗೆಸೊಪ್ಪಿನ ನಾಟಿ ಶುರುವಾಗುವ ಮೊದಲು, ಮಾವನವರ ಹಳೇ ಓಮ್ನಿಯ ಹಿಂದಿನ ಸೀಟು ಬಿಚ್ಚಿ ಹಾಸಿಗೆ ಹಾಸಿಕೊಂಡು ಹೊರಟೆವು. ಲಾಡ್ಜಿಗೆ ದುಡ್ಡಿರಲಿಲ್ಲ.

ಹುಣಸೂರು, ಮಡಿಕೇರಿ, ಸಂಪಾಜೆ ಘಾಟಿ, ಮಂಗಳೂರು, ಮರುದಿನ ಮರವಂತೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ 66. ರಾತ್ರಿ ಪೆಟ್ರೋಲ್ ಬಂಕಿನವರನ್ನು ಕೇಳಿ ಅಲ್ಲೇ ಮಲಗಿದೆವು. ಎಂಜಿನ್ ಚಾಲೂ ಇದ್ದರೆ ವಿಷಾನಿಲ ಒಳಗೆ ತುಂಬಬಹುದೆಂದು ಆಫ್ ಮಾಡಿ, ಕಿಟಕಿ ಎರಡು ಬೆರಳಷ್ಟು ತೆರೆದಿದ್ದೆವು. ಸೆಕೆ, ಸೊಳ್ಳೆ. ನಿದ್ದೆ ಎಲ್ಲಿಂದ ಬರಬೇಕು?

ಆ ಕತ್ತಲಲ್ಲಿ ಇವರು ಮೊದಲ ಸಲ ಹೇಳಿದರು: ‘ಕೆಲಸ ಸಿಗದಿದ್ರೆ ಅಂತ ಭಯ ಆಗುತ್ತೆ ಕಣೇ.’

‘ನಂಗೂ ರೀ’ ಎಂದೆ.

ಮನೆಯಲ್ಲಿ ಇಬ್ಬರೂ ಧೈರ್ಯ ನಟಿಸುತ್ತಿದ್ದೆವು. ಕೆಲಸ ಇನ್ನೂ ಸಿಕ್ಕಿಲ್ಲ. ಆದರೆ ಈಗ ಅರ್ಜಿಗಳನ್ನು ಇಬ್ಬರೂ ಕೂತು ತುಂಬುತ್ತೇವೆ.