ಒಂದೇ ಮಾನಿಟರು: ಹಗಲು ಅಪ್ಪನಿಗೆ ಅಕ್ಷರ, ರಾತ್ರಿ ಮಗನಿಗೆ ಆಟ

ವಿಲ್ಸನ್ ಗಾರ್ಡನ್: ಹತ್ತನೇ ಕ್ರಾಸಿನ ಆಸುಪಾಸಿನಲ್ಲಿ ಒಂದು ಪುಟ್ಟ ಡಿ.ಟಿ.ಪಿ. ಅಂಗಡಿ. ಹಗಲೆಲ್ಲ ಮದುವೆ ಕಾರ್ಡು, ಬಾಡಿಗೆ ಕರಾರು, ಬಿಲ್ ಪುಸ್ತಕ. ರಾತ್ರಿ ಶಟರ್ ಅರ್ಧ ಇಳಿದ ಮೇಲೆ ಅದೇ ಕಂಪ್ಯೂಟರಿನ ಮುಂದೆ ಕಾಲೇಜಿಗೆ ಹೋಗುವ ಮಗ. ಅವನದು ಗುಂಡು ಹಾರಿಸುವ ಆಟ. ಮಾನಿಟರಿಗೆ ಈಗ ಮುಪ್ಪು. ಒಂದು ಮೂಲೆ ಕಪ್ಪಾಗಿ ಕೂತಿದೆ. ಹೊಸದು ತರಲೇಬೇಕು. ಯಾವುದು ಎಂಬಲ್ಲಿ ಜಗಳ.

"ಅಪ್ಪಾ, ನೂರೆಂಬತ್ತು ಹರ್ಟ್ಸ್‌ದು ತಗೊಳೋಣ."

"ಲೋ, ಹರ್ಟ್ಸ್ ಕಟ್ಕೊಂಡು ನನಗೇನಾಗ್ಬೇಕೋ? ಒತ್ತಕ್ಷರ ನೆಟ್ಟಗೆ ಕಾಣಿಸಿದ್ರೆ ಸಾಕು."

ಇಬ್ಬರ ಮಾತಿನಲ್ಲೂ ಹುರುಳಿದೆ. ಒಂದೇ ಮಾನಿಟರಿನಲ್ಲಿ ದುಡಿಮೆಯೂ ಆಟವೂ ನಡೆಯುವ ಮನೆ, ಅಂಗಡಿ ಊರಲ್ಲಿ ಬೇಕಾದಷ್ಟಿವೆ. ಎಂಟು ಹತ್ತು ಸಾವಿರ ಸುರಿಯುವ ಮುನ್ನ ಈ ಜಗಳ ಒಮ್ಮೆ ಬಗೆಹರಿಯುವುದೇ ಒಳ್ಳೆಯದು.

ಏನಿದು ಹರ್ಟ್ಸ್?

ಪರದೆಯ ಚಿತ್ರ ಸೆಕೆಂಡಿಗೆ ಎಷ್ಟು ಸಲ ಹೊಸದಾಗುತ್ತದೆ ಎಂಬ ಲೆಕ್ಕ, ಅಷ್ಟೆ. ಟಾಕೀಸಿನ ಸಿನಿಮಾ ಸೆಕೆಂಡಿಗೆ 24 ಚಿತ್ರದಲ್ಲಿ ಓಡುತ್ತದೆ. ಹಳೇ ಮಾನಿಟರು 60. ಅಂದರೆ ಒಂದೊಂದು ಚಿತ್ರ ಸುಮಾರು 16.7 ಮಿಲಿಸೆಕೆಂಡು ನಿಲ್ಲುತ್ತದೆ. 144 ಆದರೆ ಸುಮಾರು 7ಕ್ಕೆ ಇಳಿಯುತ್ತದೆ. ಗೋಡೆ ಮರೆಯಿಂದ ಎದುರಾಳಿ ತಲೆ ಹಾಕಿದ್ದು ಅಷ್ಟು ಬೇಗ ಕಣ್ಣಿಗೆ ಬೀಳುತ್ತದೆ. ಹುಡುಗ ಸುಳ್ಳು ಹೇಳುತ್ತಿಲ್ಲ. ಆದರೆ 144ರಿಂದ 240ಕ್ಕೆ ಹಾರಿದರೆ ಉಳಿಯುವುದು ಮೂರು ಮಿಲಿಸೆಕೆಂಡೂ ಇಲ್ಲ. ಅದಕ್ಕೆ ಕೊಡುವ ದುಡ್ಡು ಮಾತ್ರ ದಂಡಿಯಾಗಿ.

ಅಂಗಡಿಯವರು ತಾವಾಗಿ ಹೇಳದ ಇನ್ನೊಂದು ವಿಷಯವಿದೆ. ಸೆಕೆಂಡಿಗೆ 180 ಚಿತ್ರ ತೋರಿಸಬೇಕಾದರೆ ಕಂಪ್ಯೂಟರು ಅಷ್ಟು ಚಿತ್ರ ಬರೆದುಕೊಡಬೇಕಲ್ಲ? ಅದಕ್ಕೆ ಗ್ರಾಫಿಕ್ಸ್ ಕಾರ್ಡು ಬೇಕು. ಒಳ್ಳೆಯ ಕಾರ್ಡು ಮಾನಿಟರಿಗಿಂತ ದುಬಾರಿ. ಈ ಅಂಗಡಿಯ ಕಂಪ್ಯೂಟರಿನಲ್ಲಿ ಅದಿಲ್ಲ. ಹಗುರವಾದ ಆಟಗಳು ಹೇಗೋ ನಡೆಯುತ್ತವೆ. ಇಂಥ ಕಂಪ್ಯೂಟರಿಗೆ 180 ಹರ್ಟ್ಸ್ ಮಾನಿಟರು ತಂದಿಡುವುದು, ಸಂಪಿನಲ್ಲಿ ನೀರಿಲ್ಲದೆ ನಲ್ಲಿ ದೊಡ್ಡದು ಹಾಕಿಸಿದ ಹಾಗೆ.

ವಧು ಹೋಗಿ ವಥು

ಅಪ್ಪನ ಕಷ್ಟ ಬೇರೆ. ಕನ್ನಡದ ಧ ಮತ್ತು ಥ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಚುಕ್ಕಿ. ಪರದೆ ಮಸುಕಾಗಿದ್ದು, ಕರಡು ನೋಡುವಾಗ ಆ ಚುಕ್ಕಿ ತಪ್ಪಿಹೋದರೆ ವಧು ಹೋಗಿ ವಥು. ಐನೂರು ಕಾರ್ಡು ಮತ್ತೆ ಅಚ್ಚಾಗಬೇಕು, ಖರ್ಚು ಅಂಗಡಿಯದೇ. ಲಕ್ಷ್ಮಿ ಎಂದು ಬರೆದರೆ ಕ್ಷ ಕೆಳಗೆ ಮತ್ತೊಂದು ಒತ್ತು. ಇಂಗ್ಲಿಷ್ ಅಕ್ಷರಕ್ಕೆ ಸಾಲುವ ಜಾಗ ನಮ್ಮ ಒತ್ತಕ್ಷರಕ್ಕೆ ಸಾಲದು.

ಇಲ್ಲಿ ಲೆಕ್ಕಕ್ಕೆ ಬರುವುದು ಹರ್ಟ್ಸ್ ಅಲ್ಲ, ಇಂಚಿಗೆ ಎಷ್ಟು ಚುಕ್ಕಿ ಎಂಬುದು. 1920ಕ್ಕೆ 1080 ಚುಕ್ಕಿಯ 24 ಇಂಚು ಮಾನಿಟರಿನಲ್ಲಿ ಇಂಚಿಗೆ ಸುಮಾರು 92. ಅಷ್ಟೇ ಚುಕ್ಕಿಯನ್ನು 27 ಇಂಚಿಗೆ ಎಳೆದರೆ 82ಕ್ಕೆ ಇಳಿದು ಅಕ್ಷರದ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. "ದೊಡ್ಡದು ಅಲ್ವಾ ಸಾರ್, ಕಣ್ಣಿಗೆ ಆರಾಮ" ಅಂತ ಹೇಳಿ ಮಾರುವುದು ಹೆಚ್ಚಾಗಿ ಇದನ್ನೇ! 27 ಇಂಚೇ ಬೇಕೆಂದರೆ 2560ಕ್ಕೆ 1440 ಚುಕ್ಕಿಯದು ತರಬೇಕು, ಅದರಲ್ಲಿ ಇಂಚಿಗೆ 109. ಆದರೆ ಬೆಲೆ ಹೆಚ್ಚುಕಡಿಮೆ ಎರಡರಷ್ಟು.

ಪರದೆಯ ಜಾತಿಯಲ್ಲಿ ಐ.ಪಿ.ಎಸ್. ಇಬ್ಬರಿಗೂ ಸರಿ. ಪಕ್ಕದಲ್ಲಿ ನಿಂತ ಗಿರಾಕಿಗೂ ಕಾರ್ಡಿನ ಕೆಂಪು ಕೆಂಪಾಗಿಯೇ ಕಾಣುತ್ತದೆ. ವಿ.ಎ. ಪರದೆಯಲ್ಲಿ ಕಪ್ಪು ಚೆನ್ನ, ಆದರೆ ಅಗ್ಗದವುಗಳಲ್ಲಿ ಓಡುವ ಆಕೃತಿಯ ಹಿಂದೆ ಕಪ್ಪು ನೆರಳು ಎಳೆಯುತ್ತದೆ. ಟಿ.ಎನ್. ಪರದೆ ಬದಿಯಿಂದ ನೋಡಿದರೆ ಬಣ್ಣಗೆಡುತ್ತದೆ, ಬೇಡ.

ಎಸ್.ಪಿ. ರಸ್ತೆಗೆ

ವಿಲ್ಸನ್ ಗಾರ್ಡನ್ನಿನಿಂದ ಬಸ್ಸು ಹತ್ತಿ ಕಾರ್ಪೊರೇಷನ್ನಿನಲ್ಲಿ ಇಳಿದರೆ ಸದರ್ ಪತ್ರಪ್ಪ ರಸ್ತೆ ನಡಿಗೆಯ ದೂರ. ಅಪ್ಪ ಜೇಬಿನಲ್ಲಿ ಪೆನ್‌ಡ್ರೈವ್ ಇಟ್ಟುಕೊಂಡೇ ಹೊರಟರು, ಅದರಲ್ಲಿ ಒಂದು ಮದುವೆ ಕಾರ್ಡು. ಜಾಣತನ. ಅಂಗಡಿಯಲ್ಲಿ ಓಡುವ ಮಿರಿಮಿರಿ ವೀಡಿಯೋದಲ್ಲಿ ಎಲ್ಲಾ ಮಾನಿಟರೂ ಅಪ್ಸರೆಯೇ. ನಮ್ಮ ಕೆಲಸ ಹಾಕಿಸಿ ನೋಡಿದಾಗ ಬಣ್ಣ ಬಯಲಾಗುತ್ತದೆ. ಪೂರ್ತಿ ಬಿಳಿ, ಪೂರ್ತಿ ಕಪ್ಪು ಮಾಡಿಸಿ ಸತ್ತ ಚುಕ್ಕಿ ಇದೆಯೇ ನೋಡಬೇಕು. ಎಷ್ಟು ಚುಕ್ಕಿ ಸತ್ತರೆ ಬದಲಿಸಿ ಕೊಡುತ್ತಾರೆ ಎಂದು ಮೊದಲೇ ಕೇಳಬೇಕು. ಜಿ.ಎಸ್.ಟಿ. ಬಿಲ್ಲು ಬಿಡಬಾರದು. 32 ಇಂಚಿಗಿಂತ ದೊಡ್ಡ ಮಾನಿಟರಿಗೆ ಇದ್ದ ಶೇಕಡಾ 28ರ ತೆರಿಗೆ 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ. ಚಿಕ್ಕವಕ್ಕೆ ಮೊದಲಿಂದಲೂ 18 ಇತ್ತು, 2019ರಿಂದ.

ಕೊನೆಗೆ ಕೊಂಡದ್ದು 24 ಇಂಚಿನ, 100 ಹರ್ಟ್ಸ್‌ನ, ಐ.ಪಿ.ಎಸ್. ಮಾನಿಟರು. ಹತ್ತು ಸಾವಿರದೊಳಗೆ. ವರ್ಷದೊಳಗೆ ಗ್ರಾಫಿಕ್ಸ್ ಕಾರ್ಡು ಹಾಕಿಸುವುದು ಖಂಡಿತ ಎನ್ನುವವರು ಎರಡು ಮೂರು ಸಾವಿರ ಸೇರಿಸಿ 144ರ ಮೇಲಿನದನ್ನೇ ತರಲಿ. ಮಿಕ್ಕವರಿಗೆ ಇದೇ ಸಾಕು.

ವಾಪಸು ಬಸ್ಸಿನಲ್ಲಿ ಮಗ ಡಬ್ಬವನ್ನು ಮಲಗಿಸದೆ ನೆಟ್ಟಗೆ ನಿಲ್ಲಿಸಿ ಹಿಡಿದ. ಪರದೆ ಒಡೆಯುವುದು ಹೆಚ್ಚಾಗಿ ಮಲಗಿಸಿದ ಡಬ್ಬದ ಮೇಲೆ ಭಾರ ಬಿದ್ದಾಗಲೇ. ಅಂಗಡಿಗೆ ಬಂದು ನೀಲಿ ಮೂತಿಯ ಹಳೇ ವೈರು ಕಿತ್ತೆಸೆದು ಡಬ್ಬದಲ್ಲಿದ್ದ ಎಚ್.ಡಿ.ಎಂ.ಐ. ವೈರು ಜೋಡಿಸಿದ. ಸೆಟ್ಟಿಂಗಿಗೆ ಹೋಗಿ ನೋಡಿದರೆ ಹರ್ಟ್ಸ್ 60ರಲ್ಲೇ ಇದೆ! ಎಷ್ಟೋ ಮಂದಿ ಹೆಚ್ಚು ದುಡ್ಡು ಕೊಟ್ಟು ತಂದು, ಇದೊಂದನ್ನು ಬದಲಿಸದೆ ವರ್ಷಗಟ್ಟಲೆ 60ರಲ್ಲೇ ಕೂತಿರುತ್ತಾರೆ. ಅವನು 100 ಒತ್ತಿದ.

ಅಪ್ಪ ಬಾಡಿಗೆ ಕರಾರು ತೆರೆದು ಮೌಸಿನ ಚಕ್ರ ತಿರುಗಿಸಿದರು. "ಇದೇನೋ, ಓಡೋವಾಗ್ಲೂ ಅಕ್ಷರ ಓದಕ್ಕಾಗುತ್ತೆ!"

"ಅದೇ ಹರ್ಟ್ಸು ಅಪ್ಪಾ. ಇನ್ನು ಕಾರ್ಡು ಯಾವಾಗ?"

"ಮೊದಲು ಮದುವೆ ಕಾರ್ಡು ಮುಗೀಲಿ."